ಕತ್ತರಿಯೂ ಬೇಕಿತ್ತು, ಕರೆಂಟೂ ಬೇಕಿತ್ತು

2019ರಲ್ಲಿ ಗಂಟಲಿನ ಕ್ಯಾನ್ಸರಿಗೆಂದು ನನ್ನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಆ ಗಾಯ ಮಾಯುತ್ತಿದ್ದಂತೆಯೇ ಅದೇ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಕೊಟ್ಟರು. ನಮ್ಮ ಕಡೆ ಇದಕ್ಕೆ ‘ಕರೆಂಟ್ ಇಡೋದು’ ಅಂತಾರೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಿಸಿಕೊಂಡಿದ್ದರೆ ಇದನ್ನು ಬರೆಯಲು ನಾನು ಉಳಿದಿರುತ್ತಿದ್ದೆನೋ ಇಲ್ಲವೋ. ಆಪರೇಷನ್ ಮಾಡಿಸಿಕೊಂಡು, ಹೊಲಿಗೆ ಬಿಚ್ಚಿಸಿಕೊಂಡು, ‘ಇನ್ನು ಸಾಕು’ ಎಂದು ಮನೆಗೆ ಹೋಗಿ ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರಿಗೂ ಅವರ ಮನೆಯವರಿಗೂ ತಲುಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದರು, ನಾನೂ ಇಳಿದೆ. ಆ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಕಂಪನಿಯ ಜೊತೆಗೇ ಕಂಪನಿ ಆಸ್ಪತ್ರೆಯೂ ಹೋಯಿತು. ಅಲ್ಲಿಂದ ಮುಂದೆ ನಮ್ಮೂರಿನ ಸಾವಿರಾರು ಜನರಂತೆ ನಾನೂ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ, ಸೆಕ್ಯುರಿಟಿ ಕೆಲಸ ಮಾಡಿ ರಾತ್ರಿ ಮನೆ ಸೇರುವವನಾದೆ.

ಕೆಮ್ಮು, ಗಂಟಲು ಕಟ್ಟುವುದು ನಮ್ಮೂರಲ್ಲಿ ಯಾರಿಗೂ ಹೊಸದಲ್ಲ. ಗಣಿಯಲ್ಲಿ ಬಂಡೆ ಕೊರೆದವರ ಎದೆಯಲ್ಲಿ ಕಲ್ಲಿನ ಧೂಳು ಕೂತಿರುತ್ತದೆ. ಗಾಳಿ ಬೀಸಿದರೆ, ಚಿನ್ನ ತೆಗೆದು ಉಳಿದ ಮಣ್ಣನ್ನು ಸುರಿದ ಸೈನೈಡ್ ದಿಬ್ಬಗಳ ಪುಡಿ ಮನೆಯೊಳಗೆ ಬರುತ್ತದೆ. ಹಾಗಾಗಿ 2018ರ ಮಳೆಗಾಲದಲ್ಲಿ ನನ್ನ ಧ್ವನಿ ಗೊಗ್ಗರಾದಾಗ ಎಲ್ಲರೂ ಧೂಳು ಅಂದರು, ತಂಡಿ ಅಂದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಸಿರಪ್ಪು ಕೊಟ್ಟರು, ಮಾತ್ರೆ ಕೊಟ್ಟರು. ತಿಂಗಳುಗಳು ಕಳೆದವು. ನುಂಗುವಾಗ ನೋವು ಬಲಗಿವಿಯವರೆಗೆ ಏರತೊಡಗಿತು. ಕುತ್ತಿಗೆಯಲ್ಲಿ ಗೋಲಿ ಗಾತ್ರದ ಗಂಟು ಕೈಗೆ ಸಿಕ್ಕಿತು. “ರೀ, ಧೂಳಿಗೆ ಕಿವಿ ಯಾಕೆ ನೋಯುತ್ತೆ? ನಾಳೆ ಡ್ಯೂಟಿಗೆ ಹೋಗಬೇಡಿ, ನಡೀರಿ ಕಿವಿ-ಗಂಟಲು ಡಾಕ್ಟರ ಹತ್ತಿರ” ಎಂದು ಹೊರಡಿಸಿದವಳು ನನ್ನ ಹೆಂಡತಿ. ಆ ಹೊತ್ತಿಗೆ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೆ ಉಸಿರು ಸೀಟಿ ಊದುತ್ತಿತ್ತು.

ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ನಳಿಕೆ ಇಳಿಸಿ ನೋಡಿದರು. ಧ್ವನಿತಂತುಗಳಲ್ಲಿ ಒಂದು ಅಲುಗುತ್ತಲೇ ಇರಲಿಲ್ಲ. ಗಡ್ಡೆ ಇದೆ, ತಡ ಮಾಡಬೇಡಿ ಎಂದು ಬೆಂಗಳೂರಿಗೆ ಕಳಿಸಿದರು. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿ, ಬಿಪಿಎಲ್ ಕಾರ್ಡು ಹಿಡಿದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. 1973ರಲ್ಲಿ ಶುರುವಾದ ಆ ಆಸ್ಪತ್ರೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದ, ಆಂಧ್ರ ತಮಿಳುನಾಡುಗಳಿಂದಲೂ ಜನ ಬರುತ್ತಾರೆ. 2018ರಲ್ಲಷ್ಟೇ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಂದಿತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಆ ಯೋಜನೆ ಇರದಿದ್ದರೆ ನಮ್ಮ ಮನೆಯಲ್ಲಿ ಮಾರಲು ಏನೂ ಇರಲಿಲ್ಲ.

ಬಯಾಪ್ಸಿ ಆಯಿತು, ಸಿ.ಟಿ. ಸ್ಕ್ಯಾನ್ ಆಯಿತು. ಕ್ಯಾನ್ಸರ್ ಎಂದು ಖಚಿತವಾಯಿತು. ಬೀಡಿ ಸೇದುತ್ತೀರಾ, ಕುಡಿಯುತ್ತೀರಾ ಎಂದು ಕೇಳಿದರು. ಎರಡೂ ಇತ್ತು, ಹೇಳಿದೆ. ಗಂಟಲಿನ ಈ ಕ್ಯಾನ್ಸರಿಗೆ ತಂಬಾಕೇ ಮುಖ್ಯ ಕಾರಣ, ಕುಡಿತ ಜೊತೆಗೆ ಸೇರಿದರೆ ಅಪಾಯ ಇನ್ನೂ ಹಲವು ಪಟ್ಟು ಎಂದು ಅವರು ವಿವರಿಸಿದರು. ಅಂದಿನಿಂದ ಎರಡನ್ನೂ ಮುಟ್ಟಿಲ್ಲ. ಬೀಡಿ ಬಿಡದಿದ್ದರೆ ಮುಂದೆ ಕೊಡುವ ಕರೆಂಟ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಾಯಿಹುಣ್ಣೂ ಹೆಚ್ಚಾಗುತ್ತದೆ ಎಂಬ ಮಾತು ನನಗೆ ಸಾಕಾಗಿತ್ತು.

ಒಂದು ದಿನ ನನ್ನನ್ನು ಒಂದು ಕೋಣೆಗೆ ಕರೆದರು. ಕತ್ತರಿಸುವ ಡಾಕ್ಟರು, ಕರೆಂಟ್ ಇಡುವ ಡಾಕ್ಟರು, ಕೀಮೋ ಕೊಡುವ ಡಾಕ್ಟರು ಮೂವರೂ ಒಟ್ಟಿಗೆ ಕೂತಿದ್ದರು. ನನ್ನ ಸ್ಕ್ಯಾನ್ ಚಿತ್ರ ಗೋಡೆಯ ಮೇಲಿತ್ತು. ನನ್ನದು ಒಂದೇ ಪ್ರಶ್ನೆ: “ಧ್ವನಿ ಉಳಿಯುತ್ತಾ ಸಾರ್?”

ಉತ್ತರ ಮುಚ್ಚುಮರೆಯಿಲ್ಲದ್ದು. ಕಾಯಿಲೆ ಸಣ್ಣದಾಗಿದ್ದಾಗ ಬಂದಿದ್ದರೆ ಕರೆಂಟ್ ಒಂದೇ ಸಾಕಿತ್ತು, ಇಲ್ಲವೇ ಲೇಸರಿನ ಚಿಕ್ಕ ಆಪರೇಷನ್ ಒಂದೇ ಸಾಕಿತ್ತು. ಸ್ವಲ್ಪ ಮುಂದುವರಿದವರಿಗೂ ಕೀಮೋ ಮತ್ತು ವಿಕಿರಣ ಕೊಟ್ಟು ಧ್ವನಿಪೆಟ್ಟಿಗೆ ಉಳಿಸಿಕೊಳ್ಳುವ ದಾರಿ ಇದೆ. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ 332 ರೋಗಿಗಳ ಅಧ್ಯಯನವೊಂದು ಹೊರಬಂದ ಮೇಲೆ ಆ ದಾರಿ ಎಲ್ಲ ಕಡೆ ತೆರೆಯಿತಂತೆ. ಆ ಚಿಕಿತ್ಸೆಗೆ ಹೋದವರಲ್ಲಿ ಶೇಕಡಾ 64 ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು ಎಂದು ನನ್ನ ಮಗ ಆಮೇಲೆ ಓದಿ ಹೇಳಿದ. ಆದರೆ ನನ್ನ ಗಡ್ಡೆ ಧ್ವನಿಪೆಟ್ಟಿಗೆಯ ಮೃದುಎಲುಬನ್ನು ತಿಂದು ಹೊರಗೆ ಬಂದಿತ್ತು. ಅಷ್ಟು ದೂರ ಬಂದ ಮೇಲೆ ಮೊದಲು ತೆಗೆಯಬೇಕು, ಆಮೇಲೆ ವಿಕಿರಣ ಕೊಡಬೇಕು. “ಎರಡೂ ಸೇರಿ ಒಂದೇ ಚಿಕಿತ್ಸೆ ಅಂತ ಇವತ್ತೇ ತಿಳ್ಕೊಳ್ಳಿ” ಎಂದು ಆ ಕೋಣೆಯಲ್ಲೇ ಹೇಳಿದರು. ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ಮುಂದೆ.

ಮೊದಲೇ ಕರೆಂಟ್ ಕೊಟ್ಟು ಗಡ್ಡೆ ಕರಗಿಸಿ ಆಮೇಲೆ ಕತ್ತರಿಸಬಾರದೇ ಎಂದು ಮಗ ಕೇಳಿದ. ವಿಕಿರಣ ತಾಗಿದ ಮಾಂಸ, ಚರ್ಮ ಬೇಗ ಕೂಡಿಕೊಳ್ಳುವುದಿಲ್ಲ, ಹೊಲಿದ ಜಾಗ ಬಾಯಿ ಬಿಟ್ಟು ಎಂಜಲು ಕುತ್ತಿಗೆಯಿಂದ ಸೋರುವ ಅಪಾಯ ಹೆಚ್ಚು ಎಂದರು. ಅದೂ ಅಲ್ಲದೆ ದೊಡ್ಡ ಗಡ್ಡೆಯ ನಡುವೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆಮ್ಲಜನಕ ಇಲ್ಲದ ಆ ಕಣಗಳು ವಿಕಿರಣಕ್ಕೆ ಸುಲಭವಾಗಿ ಸಾಯುವುದಿಲ್ಲ. ಗಡ್ಡೆಯ ಮೂಟೆಯನ್ನು ಕತ್ತರಿ ತೆಗೆಯಬೇಕು, ಕಣ್ಣಿಗೆ ಕಾಣದೆ ಉಳಿದದ್ದನ್ನು ವಿಕಿರಣ ಕೊಲ್ಲಬೇಕು. ಇದು ಅವರ ಲೆಕ್ಕ.

ಆಪರೇಷನ್ನಿಗೆ ಸಹಿ ಹಾಕುವಾಗ ಕೈ ನಡುಗಿತು. ಕಳೆದುಕೊಳ್ಳಲು ಧ್ವನಿ ಹೆಚ್ಚೇನೂ ಉಳಿದಿರಲಿಲ್ಲ, ಆದರೂ ಅದು ನನ್ನದಾಗಿತ್ತು. ಧ್ವನಿಪೆಟ್ಟಿಗೆಯ ಜೊತೆ ಕುತ್ತಿಗೆಯ ಎರಡೂ ಬದಿಯ ಗಂಟುಗಳನ್ನು (ದುಗ್ಧಗ್ರಂಥಿಗಳನ್ನು), ಥೈರಾಯ್ಡಿನ ಒಂದು ಭಾಗವನ್ನು ತೆಗೆದರು. ಎಚ್ಚರವಾದಾಗ ನನ್ನ ಉಸಿರು ಮೂಗಿನಲ್ಲಿ ಇರಲಿಲ್ಲ. ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ ಗಾಳಿ ಹೋಗಿ ಬರುತ್ತಿತ್ತು. ಅದು ಬದುಕಿರುವವರೆಗೂ ಹಾಗೇ. ಗಂಟಲನ್ನೂ ಶ್ವಾಸನಾಳವನ್ನೂ ಬೇರೆ ಬೇರೆ ಮಾಡಿಬಿಟ್ಟಿರುತ್ತಾರೆ.

ಮೊದಲ ದಿನಗಳ ಕಷ್ಟ ನೋವಿನದ್ದಲ್ಲ, ಕಫದ್ದು. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಧೂಳು ಸೋಸಿ ಒಳಗೆ ಕಳಿಸುತ್ತದೆ ಎಂಬುದು ಮೂಗು ಕೆಲಸ ಬಿಟ್ಟ ಮೇಲೆ ಗೊತ್ತಾಯಿತು. ಒಣಗಾಳಿ ನೇರವಾಗಿ ಎದೆಗೆ ಹೋಗಿ ಕಫ ಗಟ್ಟಿಯಾಗಿ ತೂತಿಗೆ ಅಡ್ಡ ಕೂರುತ್ತಿತ್ತು. ಕೂಗಿ ಕರೆಯಲು ಧ್ವನಿ ಇಲ್ಲ. ಮಂಚದ ಕಬ್ಬಿಣವನ್ನು ಚಮಚದಿಂದ ಬಡಿಯುತ್ತಿದ್ದೆ, ಹೆಂಡತಿ ನೆಲದ ಚಾಪೆಯಿಂದ ಎದ್ದು ಬಂದು ಸಕ್ಷನ್ ಹಾಕಿ ಕಫ ಎಳೆಯುತ್ತಿದ್ದಳು. ತೂತಿನಲ್ಲಿಟ್ಟ ನಳಿಕೆ ತೊಳೆಯುವುದು, ಒದ್ದೆ ಗಾಜ್ ಬಟ್ಟೆ ಕಟ್ಟುವುದು, ಮೂಗಿನ ಟ್ಯೂಬಿನಲ್ಲಿ ಸೋಸಿದ ರಾಗಿ ಗಂಜಿ, ಹಾಲು, ಮೊಟ್ಟೆ ಹಾಕುವುದು ಎಲ್ಲವನ್ನೂ ನರ್ಸಮ್ಮನವರಿಂದ ಕಲಿತಳು. ಎಸ್ಸೆಸ್ಸೆಲ್ಸಿ ದಾಟದ ಅವಳು ವಾರ್ಡಿನಲ್ಲಿ ಬೇರೆಯವರ ಮನೆಯವರಿಗೆ ಕಲಿಸುವಷ್ಟಾದಳು.

ತೆಗೆದ ಭಾಗವನ್ನು ಪರೀಕ್ಷೆ ಮಾಡಿದ ವರದಿ ಬಂತು. ಕತ್ತರಿಸಿದ ಅಂಚುಗಳಲ್ಲಿ ಕಾಯಿಲೆ ಕಂಡಿರಲಿಲ್ಲ. ಎರಡು ಗಂಟುಗಳಲ್ಲಿ ಮಾತ್ರ ಇತ್ತು, ಆದರೆ ಗಂಟಿನ ಹೊದಿಕೆ ಒಡೆದಿರಲಿಲ್ಲ. ಅಂಚಿನಲ್ಲಿ ಉಳಿದಿದ್ದರೆ ಅಥವಾ ಹೊದಿಕೆ ಒಡೆದಿದ್ದರೆ ವಿಕಿರಣದ ಜೊತೆ ಕೀಮೋ ಕೂಡ ಕೊಡಬೇಕಾಗುತ್ತಿತ್ತು ಎಂದರು. ನನಗೆ ವಿಕಿರಣ ಒಂದೇ ಸಾಕು. ಹಲ್ಲಿನ ಡಾಕ್ಟರು ಹುಳುಕು ಹಲ್ಲುಗಳನ್ನು ಕಿತ್ತರು. ವಿಕಿರಣ ಆದ ಮೇಲೆ ಹಲ್ಲು ಕಿತ್ತರೆ ದವಡೆಯ ಎಲುಬು ಮಾಯದೆ ಕೊಳೆಯಬಹುದು, ಅದಕ್ಕೇ ಮುಂಚೆ ಎಂದರು. ಹೊಲಿಗೆ ಬಿಚ್ಚಿ, ಟ್ಯೂಬ್ ತೆಗೆದು, ಬಾಯಿಂದ ಗಂಜಿ ಕುಡಿಸಿ ಮನೆಗೆ ಕಳಿಸಿದರು. ಕರೆಂಟಿಗೆ ಬರಬೇಕಾದ ತಾರೀಖು ಬರೆದುಕೊಟ್ಟರು.

ಮಾರಿಕುಪ್ಪಂವರೆಗೆ ಹೋಗದೆ ಬಂಗಾರಪೇಟೆಯಲ್ಲಿ ತಂಗಿ ಮನೆಯಲ್ಲಿ ಉಳಿದೆವು. ನಿಜವಾದ ಪರೀಕ್ಷೆ ಎದುರಾದದ್ದು ಅಲ್ಲೇ. ಗಾಯ ಒಣಗಿತ್ತು. ಮುದ್ದೆಯನ್ನು ತೆಳುಸಾರಿನಲ್ಲಿ ಕಲಸಿ ನುಂಗುತ್ತಿದ್ದೆ. ತೂಕ ಏರುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಆಡಿದರು. ದೊಡ್ಡಪ್ಪ ಬಂದು ಕೂತು, “ಏನಪ್ಪಾ, ಕಾಯಿಲೆ ಕಿತ್ತು ಹಾಕಿದ್ದಾರಲ್ಲ, ಮತ್ತೆ ಕರೆಂಟ್ ಯಾಕೆ? ಚೆನ್ನಾಗಿರೋ ಮೈ ಸುಟ್ಟುಕೊಂಡು ಬರ್ತೀಯ” ಅಂದರು. ತಂಗಿಯ ಗಂಡ, “ಭಾವ, ಒಂದಷ್ಟು ತಿಂಗಳು ಬಿಟ್ಟು ಶಕ್ತಿ ಬಂದ ಮೇಲೆ ಹೋಗಿ” ಅಂದ. ಯಾರ ಮಾತಿನಲ್ಲೂ ಕೆಡುಕಿರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಚೇತರಿಸಿಕೊಳ್ಳುತ್ತಿರುವ ಮನುಷ್ಯ. ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಇನ್ನೊಮ್ಮೆ ಆ ಆಸ್ಪತ್ರೆಯ ಬಾಗಿಲು ತುಳಿಯುವುದೇ ಬೇಡ ಎಂದು ಮನಸ್ಸು ಹಟ ಹಿಡಿದಿತ್ತು.

ಹೆಂಡತಿ ಯಾರ ಜೊತೆಗೂ ವಾದ ಮಾಡಲಿಲ್ಲ. ಬರೆದುಕೊಟ್ಟ ತಾರೀಖಿಗೆ ಮುಂಚೆಯೇ ನನ್ನನ್ನು ರೈಲಿಗೆ ಹತ್ತಿಸಿದಳು. ವಿಕಿರಣ ವಿಭಾಗದ ಡಾಕ್ಟರಮ್ಮನ ಮುಂದೆ ಕೂರಿಸಿ, “ಇವರಿಗೆ ನೀವೇ ಹೇಳಿ ಮೇಡಂ” ಅಂದಳು. ನಾನು ಸ್ಲೇಟಿನಲ್ಲಿ ಬರೆದೆ: ‘ಅಂಚು ಶುದ್ಧವಾಗಿದೆ ಅಂದಿರಿ. ಮತ್ತೆ ಯಾಕೆ?’

ಆಕೆ ಬೇಸರ ಮಾಡಿಕೊಳ್ಳದೆ ಹೇಳಿದರು. ಅಂಚು ಶುದ್ಧ ಎಂದರೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ ತುಂಡುಗಳಲ್ಲಿ ಇಲ್ಲ ಎಂದರ್ಥ. ಮೃದುಎಲುಬು ದಾಟಿ, ಗಂಟುಗಳಿಗೂ ಹೋದ ಕಾಯಿಲೆ ಕುತ್ತಿಗೆಯಲ್ಲಿ ಬೇರೆಲ್ಲೂ ಒಂದು ಕಣವನ್ನೂ ಬಿಟ್ಟಿಲ್ಲ ಎಂದು ಯಾವ ಸ್ಕ್ಯಾನೂ ಹೇಳಲಾರದು. ಈಗ ಉಳಿದಿದ್ದರೆ ಅವು ಕೆಲವೇ ಕಣಗಳು, ವಿಕಿರಣಕ್ಕೆ ಸಾಯುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ಅವೇ ಮತ್ತೆ ಗಡ್ಡೆಯಾಗುತ್ತವೆ, ಆಗ ಕತ್ತರಿಸಲು ಜಾಗ ಇರುವುದಿಲ್ಲ. ಅದಕ್ಕೇ ಆಪರೇಷನ್ ಆದ ಆರು ವಾರದೊಳಗೆ ವಿಕಿರಣ ಶುರುವಾಗಬೇಕು.

ಗಣಿಯಲ್ಲಿ ದುಡಿದವನಿಗೆ ಇದು ಅರ್ಥವಾಗದೇ ಇರುವ ಮಾತಲ್ಲ. ಮದ್ದು ಸಿಡಿಸಿ ಬಂಡೆ ಬಿದ್ದ ಕೂಡಲೇ ಯಾರೂ ಅಲ್ಲಿ ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ಉದ್ದನೆ ಹಾರೆ ಹಿಡಿದು ಮಾಡಿನ ಮೇಲೆಲ್ಲ ತಟ್ಟಿ ನೋಡಿ, ಸಡಿಲವಾಗಿ ತೂಗುತ್ತಿರುವ ಕಲ್ಲನ್ನು ಕೆಡವಬೇಕು. ದೀಪದ ಬೆಳಕಿಗೆ ಮಾಡು ಗಟ್ಟಿಯಾಗಿಯೇ ಕಾಣುತ್ತದೆ. ತಟ್ಟದೆ ಒಳಗೆ ಹೋದವರ ಮೇಲೆ ಬೀಳುವುದು ಆ ಕಾಣದ ಕಲ್ಲೇ. ನಾನು ಸ್ಲೇಟನ್ನು ಒರೆಸಿ ‘ಸರಿ’ ಎಂದು ಬರೆದೆ.

ವಿಕಿರಣಕ್ಕೆ ಮೊದಲು ಮಾಸ್ಕ್ ಮಾಡುತ್ತಾರೆ. ಬಲೆಬಲೆಯಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖ, ಕುತ್ತಿಗೆ, ಭುಜದ ಮೇಲೆ ಎಳೆದು ಒತ್ತುತ್ತಾರೆ. ಆರಿದಾಗ ಅದು ನಮ್ಮ ಅಚ್ಚಾಗಿ ಗಟ್ಟಿಯಾಗುತ್ತದೆ. ದಿನವೂ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ, ಕೂದಲೆಳೆಯಷ್ಟೂ ಅಲುಗಬಾರದು. ಬಾಯಿ ಮೂಗು ಮುಚ್ಚಿದಂತಾಗಿ ಉಸಿರು ಕಟ್ಟುತ್ತದೆಂದು ಅನೇಕರು ಹೆದರುತ್ತಾರೆ. ನನ್ನ ಉಸಿರು ಕುತ್ತಿಗೆಯಲ್ಲಿತ್ತು, ಅಲ್ಲಿ ಮಾಸ್ಕನ್ನು ಕತ್ತರಿಸಿ ಜಾಗ ಬಿಟ್ಟಿದ್ದರು. ನನ್ನ ಹೆದರಿಕೆ ಬೇರೆ. ಕಫ ಬಂದರೆ ಕೂಗಲಾರೆ, ತಲೆ ಎತ್ತಲಾರೆ, ಕೋಣೆಯಲ್ಲಿ ಒಬ್ಬನೇ. ಕೈ ಎತ್ತಿದರೆ ಸಾಕು, ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ, ಯಂತ್ರ ನಿಲ್ಲಿಸಿ ಬರುತ್ತೇವೆ ಎಂದು ಯಂತ್ರ ನಡೆಸುವ ಹುಡುಗರು ಮೊದಲ ದಿನವೇ ಕೈ ಎತ್ತಿಸಿ, ನಿಲ್ಲಿಸಿ ತೋರಿಸಿದರು. ಆಮೇಲೆ ಧೈರ್ಯ ಬಂತು. ಯಂತ್ರ ಸುತ್ತ ತಿರುಗುವಾಗ ಏನೂ ಗೊತ್ತಾಗುವುದಿಲ್ಲ. ಬಿಸಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷ.

ವಿಕಿರಣವನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಕೊಡುವುದು 60 ಗ್ರೇ. ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಆರು ವಾರ. ಒಟ್ಟಿಗೇ ಕೊಟ್ಟರೆ ಒಳ್ಳೆಯ ಮಾಂಸವೂ ಸಾಯುತ್ತದೆ. ದಿನಾ ಸ್ವಲ್ಪ ಕೊಟ್ಟರೆ ಒಳ್ಳೆಯ ಕಣಗಳು ರಾತ್ರಿಯೊಳಗೆ ರಿಪೇರಿಯಾಗುತ್ತವೆ, ಕ್ಯಾನ್ಸರ್ ಕಣಗಳಿಗೆ ಆ ಶಕ್ತಿ ಕಡಿಮೆ. ಅದಕ್ಕೇ ನಡುವೆ ತಪ್ಪಿಸಬಾರದು. ತಪ್ಪಿಸಿದ ದಿನಗಳಲ್ಲಿ ಉಳಿದ ಕಣಗಳು ಮತ್ತೆ ಬೆಳೆಯುತ್ತವೆ. ವಾರವೆಲ್ಲ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿದ್ದು ಶುಕ್ರವಾರ ಸಂಜೆ ಬಂಗಾರಪೇಟೆ ರೈಲು ಹಿಡಿಯುತ್ತಿದ್ದೆವು.

ಮೊದಲ ಎರಡು ವಾರ ಇಷ್ಟೇನಾ ಅನ್ನಿಸಿತು. ಮೂರನೆಯ ವಾರ ಬಾಯಿಯಲ್ಲಿ ಹುಣ್ಣು ಎದ್ದವು. ಎಂಜಲು ಅಂಟಾಗಿ ನೂಲು ನೂಲಾಯಿತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ ಯಾವುದೂ ತಿಳಿಯದಾಯಿತು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ತೂತಿನ ಸುತ್ತ ರಕ್ತ ಮಿಶ್ರಿತ ಹಕ್ಕಳೆ ಕಟ್ಟುತ್ತಿತ್ತು. ಉಪ್ಪು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲು ಹೇಳಿದ್ದರು. ನೋವಿನ ಔಷಧಿ ಕುಡಿದು ಅರ್ಧ ಗಂಟೆ ಬಿಟ್ಟು ಊಟ. ಊಟವೆಂದರೆ ಆರಿಸಿದ ರಾಗಿ ಅಂಬಲಿ, ಮಜ್ಜಿಗೆ, ಎಳನೀರು, ಹಾಲಿನಲ್ಲಿ ಕಲಸಿದ ಮೊಟ್ಟೆ. ಒಂದು ಲೋಟ ಇಳಿಸಲು ಒಂದು ಹೊತ್ತೇ ಬೇಕಾಗುತ್ತಿತ್ತು. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ, ಗುರಿ ತಪ್ಪುತ್ತದೆ ಎಂದು ವಾರವಾರವೂ ತೂಕ ನೋಡುತ್ತಿದ್ದರು. ಆ ತೂಕದ ಯಂತ್ರದ ಮೇಲೆ ನಿಲ್ಲುವಾಗ ನನಗಿಂತ ನನ್ನ ಹೆಂಡತಿಗೇ ಎದೆ ಹೊಡೆದುಕೊಳ್ಳುತ್ತಿತ್ತು.

ಐದನೆಯ ವಾರದ ಹೊತ್ತಿಗೆ ನನಗೆ ಸಾಕಾಗಿತ್ತು. ಬಂಗಾರಪೇಟೆಯಲ್ಲಿ ಸೋಮವಾರ ಬೆಳಿಗ್ಗೆ ಏಳಲಾರೆ ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಹೆಂಡತಿ ಬೈಯಲಿಲ್ಲ, ಅಳಲೂ ಇಲ್ಲ. “ಇಷ್ಟು ನೋವು ತಿಂದಿದ್ದು ಯಾಕ್ರೀ ದಂಡವಾಗಬೇಕು?” ಎಂದಷ್ಟೇ ಕೇಳಿ ಚಪ್ಪಲಿ ತಂದಿಟ್ಟಳು. ಅವತ್ತು ಧರ್ಮಶಾಲೆಗೆ ಹೋದಾಗ ಅಲ್ಲಿ ಒಬ್ಬರು ಹೊಸದಾಗಿ ಬಂದಿದ್ದರು. ನನ್ನದೇ ಆಪರೇಷನ್, ನನಗಿಂತ ಮುಂಚೆ ಆದದ್ದು. ಗಾಯ ಮಾಯಿತೆಂದು ಕರೆಂಟಿಗೆ ಬಂದಿರಲಿಲ್ಲವಂತೆ. ಈಗ ತೂತಿನ ಪಕ್ಕದಲ್ಲೇ ಗಡ್ಡೆ ಮತ್ತೆ ಎದ್ದಿತ್ತು. ಅವರು ಚೀಟಿಯಲ್ಲಿ ಬರೆದು ತೋರಿಸಿದ್ದು: ‘ನೀವು ನಿಲ್ಲಿಸಬೇಡಿ.’ ಆ ಮನುಷ್ಯನ ಋಣ ನನ್ನ ಮೇಲಿದೆ. ಆ ನಂತರ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಯ ದಿನ ಕರೆಂಟ್ ಮುಗಿದರೂ ನೋವು ಮುಗಿಯುವುದಿಲ್ಲ. ಮುಗಿದ ಮೇಲಿನ ಎರಡು ವಾರವೇ ಎಲ್ಲಕ್ಕಿಂತ ಕೆಟ್ಟದ್ದು. ಇದನ್ನು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಆಮೇಲೆ ಹುಣ್ಣು ಆರಿದವು. ತಿಂಗಳುಗಳ ನಂತರ ಒಂದು ದಿನ ಸಾರಿನಲ್ಲಿ ಹುಳಿ ತಿಳಿಯಿತು.

ಧ್ವನಿಯ ದಾರಿಯೂ ತೆರೆಯಿತು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ತೂತು ಮಾಡಿ ಅದರಲ್ಲಿ ಒಂದು ಕವಾಟ ಕೂರಿಸುತ್ತಾರೆ. ಕುತ್ತಿಗೆಯ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ಹೋಗಿ ಅಲ್ಲಿನ ಮಾಂಸ ಕಂಪಿಸಿ ಧ್ವನಿ ಬರುತ್ತದೆ. ಹೊರದೇಶದ ಕವಾಟಗಳಿಗೆ ಸಾವಿರಾರು ರೂಪಾಯಿ, ಅವನ್ನು ಆಗಾಗ ಬದಲಿಸುತ್ತಲೂ ಇರಬೇಕು. ಬಡವರಿಗೆ ಸಿಗಲೆಂದು ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ‘ಔಮ್’ ಎಂಬ ಕವಾಟವನ್ನು 50 ರೂಪಾಯಿಗೆ ಸಿಗುವಂತೆ ರೂಪಿಸಿದರು. ನನಗೆ ಕವಾಟ ಹಾಕಿದ ಮೇಲೆ ತರಬೇತಿಯ ಮೇಡಂ ಎಣಿಸಿ ಎಂದರು. ಒಂದು, ಎರಡು, ಮೂರು ಎಂದೆ. ಒರಟು ಧ್ವನಿ, ಆದರೆ ಮಾತು ಸ್ಪಷ್ಟ. ಹೆಂಡತಿ ಬಾಗಿಲ ಹೊರಗೆ ನಿಂತು ಕೇಳಿ, ಒಳಗೆ ಬಂದು, “ಇನ್ನೊಂದ್ಸಲ ಹೇಳಿ” ಅಂದಳು.

ಉಳಿದ ಕಷ್ಟಗಳು ಉಳಿದಿವೆ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಇಲ್ಲದೆ ಹೊರಗೆ ಹೋಗಲಾರೆ. ಭುಜ ಪೂರ್ತಿ ಮೇಲೆ ಏಳುವುದಿಲ್ಲ, ದಿನವೂ ವ್ಯಾಯಾಮ ಮಾಡುತ್ತೇನೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಸ್ನಾನದ ನೀರು ತೂತಿಗೆ ಹೋಗದಂತೆ ಎಚ್ಚರ ಬೇಕು. ವಾಸನೆ ಸರಿಯಾಗಿ ತಿಳಿಯುವುದಿಲ್ಲ, ಗ್ಯಾಸ್ ಸೋರಿದರೂ ಹೆಂಡತಿಯೇ ಹೇಳಬೇಕು. 2020ರಲ್ಲಿ ಕೊರೋನಾ ಬಂದು ರೈಲು ನಿಂತಾಗ ತಪಾಸಣೆಗೆ ಹೋಗಲಾಗಲಿಲ್ಲ, ಫೋನಿನಲ್ಲಿ ಕೇಳಿಕೊಂಡೆವು. ಊರೆಲ್ಲ ಮೂಗಿಗೆ ಮಾಸ್ಕ್ ಕಟ್ಟಿದಾಗ ನಾನು ಮೂಗಿಗೊಂದು, ಕುತ್ತಿಗೆಗೊಂದು ಕಟ್ಟಿಕೊಂಡೆ. 2024ರಲ್ಲಿ ಐದು ವರ್ಷ ತುಂಬಿತು. ಕಾಯಿಲೆ ಮರಳಿಲ್ಲ.

ಈಗ ರಾಬರ್ಟ್‌ಸನ್‌ಪೇಟೆ, ಊರ್ಗಾಂ, ಬಂಗಾರಪೇಟೆಯ ಕಡೆ ಯಾರಿಗಾದರೂ ಈ ಆಪರೇಷನ್ ಎಂದು ಗೊತ್ತಾದರೆ ನಾನೂ ಹೆಂಡತಿಯೂ ಹೋಗುತ್ತೇವೆ. ನಾನು ಬೆರಳಿಟ್ಟು ಮಾತಾಡಿ ತೋರಿಸುತ್ತೇನೆ, ಅವಳು ಮನೆಯ ಹೆಂಗಸರಿಗೆ ನಳಿಕೆ ತೊಳೆಯುವುದು ಹೇಳಿಕೊಡುತ್ತಾಳೆ. ಅಲ್ಲಿ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಧ್ವನಿ ಕೆಟ್ಟು ಮೂರು ವಾರ ದಾಟಿದರೆ ಧೂಳು ಎಂದು ಸುಮ್ಮನಿರಬೇಡಿ, ಗಂಟಲೊಳಗೆ ನೋಡಿಸಿಕೊಳ್ಳಿ; ಕಾಯಿಲೆ ಬೇಗ ಪತ್ತೆಯಾದವರಿಗೆ ಒಂದೇ ಚಿಕಿತ್ಸೆ ಸಾಕು, ಧ್ವನಿಯೂ ಉಳಿಯುತ್ತದೆ. ಎರಡು ಚಿಕಿತ್ಸೆ ಬೇಕೆಂದು ಹೇಳಿದ್ದರೆ ಎರಡನ್ನೂ ಮಾಡಿಸಿಕೊಳ್ಳಿ. ಹೊಲಿಗೆ ಬಿಚ್ಚಿದ ದಿನವೇ ಕರೆಂಟಿನ ತಾರೀಖು ಬರೆಸಿಕೊಂಡು ಮನೆಗೆ ಬನ್ನಿ, ಆ ತಾರೀಖನ್ನು ಮನೆಯವರೆಲ್ಲರಿಗೂ ಹೇಳಿ. ಶುರು ಮಾಡಿದ ಮೇಲೆ ಕೊನೆಯ ದಿನದವರೆಗೂ ಹೋಗಿ. ‘ಸಾಕು’ ಎಂದು ಹೇಳುವ ನೆಂಟರು ಬಂದರೆ ನಮ್ಮನ್ನು ಕರೆಸಿ. ಅವರ ಎದುರಿಗೆ ಕೂತು ನಾನೇ ಮಾತಾಡುತ್ತೇನೆ.